ನೆನಪಿನ ಮನೆಯೂ ಉದ್ರಿ ಪುಸ್ತಕವೂ

ಆಗಸ್ಟ್ ತಿಂಗಳ ಕಿರುಪರೀಕ್ಷೆಯಲ್ಲಿ ಬಿಸಿನೆಸ್ ಸ್ಟಡೀಸ್ ಪತ್ರಿಕೆಯ ಕೊನೆಯ ಪ್ರಶ್ನೆ ಹೆನ್ರಿ ಫಯೋಲ್ ಅವರ ನಿರ್ವಹಣಾ ತತ್ವಗಳ ಮೇಲಿತ್ತು. ಒಟ್ಟು 14 ತತ್ವಗಳು. ಹಿಂದಿನ ರಾತ್ರಿ ಹನ್ನೊಂದು ಗಂಟೆಯವರೆಗೆ ಕೂತು ಬಾಯಿಪಾಠ ಮಾಡಿದ್ದೆ. ಪರೀಕ್ಷೆಯಲ್ಲಿ ಬರೆದದ್ದು ಒಂಬತ್ತು. ಅದರಲ್ಲೂ ಒಂದನ್ನು ಎರಡು ಸಲ ಬರೆದಿದ್ದೆ. ಉತ್ತರ ಪತ್ರಿಕೆ ಕೊಡುವಾಗ ಸರ್ ನಗುತ್ತಾ, "ಒಂದೇ ತತ್ವ ಎರಡು ಸಲ ಬಂದಿದೆಯಲ್ಲ, ಇದು ಹದಿನೈದನೆಯದಾ?" ಎಂದರು. ಕ್ಲಾಸೆಲ್ಲ ನಕ್ಕಿತು. ನಾನೂ ನಕ್ಕೆ, ಆದರೆ ಒಳಗೆ ಅಳು ಬಂದಿತ್ತು.

ಆ ದಿನ ಸರ್ ಪಾಠ ಮಾಡಲಿಲ್ಲ. ಒಂದು ಕಥೆ ಹೇಳಿದರು. ಸುಮಾರು 2,500 ವರ್ಷಗಳ ಹಿಂದೆ ಗ್ರೀಸ್ ದೇಶದಲ್ಲಿ ಸಿಮೋನಿಡೀಸ್ ಎಂಬ ಕವಿ ಇದ್ದ. ಒಂದು ದೊಡ್ಡ ಔತಣಕ್ಕೆ ಹೋಗಿದ್ದ. ಯಾರೋ ಕರೆಯುತ್ತಿದ್ದಾರೆ ಎಂದು ಅವನು ಹೊರಗೆ ಬಂದ ಹೊತ್ತಿಗೆ ಸರಿಯಾಗಿ ಒಳಗೆ ಛಾವಣಿ ಕುಸಿದು ಬಿತ್ತು. ಊಟಕ್ಕೆ ಕೂತಿದ್ದವರೆಲ್ಲ ಸತ್ತರು. ಯಾರ ಶವ ಯಾರದು ಎಂದು ಅವರ ಮನೆಯವರಿಗೂ ಗುರುತು ಸಿಗಲಿಲ್ಲ. ಸಿಮೋನಿಡೀಸ್ ಕಣ್ಣು ಮುಚ್ಚಿ ಆ ಹಾಲನ್ನು ನೆನೆಸಿಕೊಂಡ. ಬಾಗಿಲ ಬಳಿ ಯಾರು, ಕಂಬದ ಪಕ್ಕ ಯಾರು ಎಂದು ಕೂತಿದ್ದ ಜಾಗದಿಂದಲೇ ಒಬ್ಬೊಬ್ಬರ ಹೆಸರು ಹೇಳಿದ. ರೋಮಿನ ವಾಗ್ಮಿ ಸಿಸೆರೊ ಈ ಕಥೆಯನ್ನು ಬರೆದಿಟ್ಟಿದ್ದಾನೆ. 'ನೆನಪಿನ ಅರಮನೆ' ಎಂಬ ವಿದ್ಯೆ ಇಲ್ಲಿಂದ ಶುರುವಾಯಿತು ಎನ್ನುತ್ತಾರೆ. ನೆನಪಿಡಬೇಕಾದ್ದನ್ನು ನಮಗೆ ಚೆನ್ನಾಗಿ ಗೊತ್ತಿರುವ ಒಂದು ಮನೆಯ ಬೇರೆ ಬೇರೆ ಜಾಗಗಳಲ್ಲಿ ಚಿತ್ರಗಳಾಗಿ ಇಡುವುದು, ಬೇಕಾದಾಗ ಮನಸ್ಸಿನಲ್ಲೇ ಆ ಮನೆಯಲ್ಲಿ ನಡೆದು ಒಂದೊಂದಾಗಿ ಎತ್ತಿಕೊಳ್ಳುವುದು. ಇಷ್ಟೇ.

"ಅರಮನೆ ಇಲ್ಲದವರು ಏನು ಮಾಡಬೇಕು ಸರ್?" ಎಂದು ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು. "ಎರಡು ರೂಮಿನ ಮನೆ ಸಾಕು, ಅದರಲ್ಲಿ ನೀನು ಬೆಳೆದಿರಬೇಕು ಅಷ್ಟೆ" ಎಂದರು ಸರ್.

ನಮ್ಮದು ಎರಡು ರೂಮಿನ ಮನೆಯೇ. ಅಂದು ಸಂಜೆ ಫಯೋಲ್ ಅವರನ್ನು ಮನೆಗೆ ಕರೆದುಕೊಂಡು ಬಂದೆ.

ಬಾಗಿಲ ಹೊರಗೆ ಚಪ್ಪಲಿ ಸ್ಟ್ಯಾಂಡ್. ಪ್ರತಿಯೊಂದಕ್ಕೂ ಒಂದು ಜಾಗ, ಪ್ರತಿಯೊಂದೂ ಅದರ ಜಾಗದಲ್ಲಿ: ಅದು 'ಆರ್ಡರ್'. ಒಳಗೆ ಬಂದರೆ ಗೋಡೆ ಗಡಿಯಾರ, ಕೆಳಗೆ ಸಲಾಂ ಹೊಡೆದು ನಿಂತ ನನ್ನ ತಮ್ಮ: 'ಡಿಸಿಪ್ಲಿನ್'. ಟಿವಿ ರಿಮೋಟ್ ದಾದಿಯ ದಿಂಬಿನ ಕೆಳಗೆ, ಇಡೀ ಮನೆಗೆ ಆಜ್ಞೆ ಒಬ್ಬರದೇ: 'ಯೂನಿಟಿ ಆಫ್ ಕಮಾಂಡ್'. ಮೇನ್ ಸ್ವಿಚ್ ಬೋರ್ಡ್: 'ಸೆಂಟ್ರಲೈಸೇಶನ್'. ಮೊಳೆಗೆ ನೇತುಹಾಕಿದ ಅಬ್ಬಾ ಶೆರ್ವಾನಿಯ ಜೇಬಿನಿಂದ ಈದಿಯ ಹೊಸ ನೋಟುಗಳು ಸುರಿಯುತ್ತಿವೆ: 'ರೆಮ್ಯುನರೇಶನ್'. ಅಡುಗೆಮನೆಯಲ್ಲಿ ಅಮ್ಮಿ ಬಿರಿಯಾನಿಯ ತುಂಡುಗಳನ್ನು ಎಣಿಸಿ ಎಣಿಸಿ ಎಲ್ಲರ ತಟ್ಟೆಗೆ ಹಾಕುತ್ತಿದ್ದಾರೆ: 'ಇಕ್ವಿಟಿ'. ಹಿತ್ತಿಲಲ್ಲಿ ದಾದಿ ಮದುವೆಯಾಗಿ ಬಂದಾಗಿನಿಂದ ಜಾಗ ಬಿಟ್ಟು ಕದಲದ ಒರಳುಕಲ್ಲು: 'ಸ್ಟೆಬಿಲಿಟಿ'. ತಾರಸಿಗೆ ಹೋಗುವ ಮೆಟ್ಟಿಲುಗಳು 'ಸ್ಕೇಲಾರ್ ಚೈನ್'. ತಾರಸಿಯಲ್ಲಿ ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಒಂದು ಹಲಗೆ ಇದೆ. ರಂಜಾನಿನಲ್ಲಿ ಇಫ್ತಾರಿನ ತಟ್ಟೆಗಳು ಅದರ ಮೇಲೆಯೇ ಅತ್ತಿತ್ತ ಹೋಗುವುದು. ಅದು ಫಯೋಲ್ ಹೇಳಿದ 'ಗ್ಯಾಂಗ್ ಪ್ಲ್ಯಾಂಕ್'! ಕೊನೆಗೆ ದಸ್ತರ್‌ಖಾನ್ ಸುತ್ತ ಎಲ್ಲರೂ ಕೂತಿದ್ದೇವೆ: 'ಎಸ್ಪ್ರಿ ಡಿ ಕೋರ್'. ಉಳಿದ ಐದಕ್ಕೂ ಬೀರು, ಕನ್ನಡಿ, ಫ್ರಿಜ್ಜು, ನಲ್ಲಿ ಮುಂತಾದವುಗಳ ಬಳಿ ಜಾಗ ಸಿಕ್ಕಿತು. ಪುಸ್ತಕದ ಕ್ರಮ ತಪ್ಪಿತು ನಿಜ, ಆದರೆ ಮನೆಯ ಕ್ರಮ ತಪ್ಪುವುದಿಲ್ಲವಲ್ಲ.

ಮಿಡ್ ಟರ್ಮ್ ಪರೀಕ್ಷೆಯಲ್ಲಿ 14ನ್ನೂ ಬರೆದೆ. ಆಮೇಲೆ ಕಂಪನಿಯ ಬ್ಯಾಲೆನ್ಸ್ ಶೀಟಿನ ತಲೆಬರಹಗಳನ್ನೂ ಮನೆಗೆ ತಂದೆ. ಸಂತೆಗೆ ಹೋಗುವಾಗ ಚೀಟಿ ಬೇಡವಾಯಿತು. ಫ್ರೆಷರ್ಸ್ ಡೇ ದಿನ ಕಾಗದ ನೋಡದೆ ಐದು ನಿಮಿಷ ಸ್ವಾಗತ ಭಾಷಣ ಮಾಡಿದೆ. ಅಂದು ನನ್ನ ತಲೆಯಲ್ಲಿ ಪ್ರಾಂಶುಪಾಲರು ನಮ್ಮ ಫ್ರಿಜ್ಜಿನ ಮೇಲೆ ಕೂತಿದ್ದರು ಎಂಬುದನ್ನು ಈಗ ಹೇಳಿಬಿಡುತ್ತೇನೆ, ಅವರು ಕ್ಷಮಿಸಬೇಕು. ಚಿತ್ರ ಎಷ್ಟು ವಿಚಿತ್ರವಾಗಿದ್ದರೆ ಅಷ್ಟು ಗಟ್ಟಿಯಾಗಿ ನಿಲ್ಲುತ್ತದೆ.

ಇದು ಏಕೆ ಕೆಲಸ ಮಾಡುತ್ತದೆ ಎಂದು ಹುಡುಕಿ ಓದಿದೆ. ನಾವು ಎಲ್ಲಿದ್ದೇವೆ ಎಂಬುದನ್ನು ಗುರುತಿಸುವ ಜೀವಕೋಶಗಳು ಮೆದುಳಿನಲ್ಲಿವೆ. ಅವನ್ನು ಕಂಡುಹಿಡಿದ ಜಾನ್ ಓಕೀಫ್ ಮತ್ತು ಮೋಸರ್ ದಂಪತಿಗೆ 2014ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಜಾಗ ಗುರುತಿಸುವ ಭಾಗವೂ ಹೊಸ ನೆನಪು ಕಟ್ಟುವ ಭಾಗವೂ ಮೆದುಳಿನಲ್ಲಿ ಒಂದೇ, ಹಿಪೊಕ್ಯಾಂಪಸ್. 2017ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ ಸಾಮಾನ್ಯ ಜನರಿಗೆ ದಿನಕ್ಕೆ ಅರ್ಧ ಗಂಟೆಯಂತೆ 40 ದಿನ ಈ ವಿಧಾನ ಕಲಿಸಿದರು. ಮೊದಲು 72 ಪದಗಳಲ್ಲಿ 30ರಷ್ಟನ್ನೂ ಹೇಳಲಾಗದಿದ್ದವರು ಕೊನೆಗೆ 60ಕ್ಕೂ ಹೆಚ್ಚು ಹೇಳಿದರು. ಅಂದರೆ ಇದು ಹುಟ್ಟಿನಿಂದ ಬಂದ ಬುದ್ಧಿಯಲ್ಲ, ಅಭ್ಯಾಸ.

ಯೋಚಿಸಿದರೆ ನಮಗೆ ಇಂಥ ಉಪಾಯಗಳು ಹೊಸದೇನಲ್ಲ. ಹೈಸ್ಕೂಲಿನಲ್ಲಿ ಅಕ್ಷರಗಣಗಳಿಗಾಗಿ 'ಯಮಾತಾರಾಜಭಾನಸಲಗಂ' ಎಂದು ನಾವೆಲ್ಲ ಹೇಳಿಲ್ಲವೇ? ಯಾವ ತಿಂಗಳಿಗೆ 31 ದಿನ ಎಂದು ಮುಷ್ಟಿಯ ಗೆಣ್ಣು ಎಣಿಸಿಲ್ಲವೇ? ನಮ್ಮ ಮನೆಯ ಬಾಗಿಲ ಮೇಲಿರುವ 786 ಕೂಡ ಹೀಗೆಯೇ. ಅಬ್ಜದ್ ಲೆಕ್ಕದಲ್ಲಿ ಅಲಿಫ್‌ಗೆ 1, ಬೇಗೆ 2, ಜೀಮ್‌ಗೆ 3 ಎಂದು ಒಂದೊಂದು ಅಕ್ಷರಕ್ಕೆ ಒಂದೊಂದು ಬೆಲೆ. ಬಿಸ್ಮಿಲ್ಲಾದ ಅಕ್ಷರಗಳನ್ನು ಕೂಡಿದರೆ 786. ಉರ್ದು ಕವಿಗಳು ಒಂದು ಸಾಲಿನ ಅಕ್ಷರಗಳಲ್ಲೇ ಇಸವಿಯನ್ನು ಅಡಗಿಸಿಡುತ್ತಿದ್ದರು. ಅತ್ತ ಸಂಸ್ಕೃತದಲ್ಲಿ 'ಕಟಪಯಾದಿ' ಎಂಬ ಪದ್ಧತಿಯಲ್ಲೂ ಅಕ್ಷರಗಳಿಗೆ ಅಂಕಿಗಳಿವೆ ಎಂದು ನಮ್ಮ ಕನ್ನಡ ಮೇಡಂ ಹೇಳಿದಾಗ, ನೆನಪಿನ ಚಿಂತೆ ಎಲ್ಲ ಭಾಷೆಯವರಿಗೂ ಒಂದೇ ಎನಿಸಿತು.

ನಮ್ಮ ಮನೆಯಲ್ಲಂತೂ ನೆನಪಿನ ದೊಡ್ಡ ಉದಾಹರಣೆ ನನ್ನ ಅಣ್ಣ. ಭಾಯಿ ಹಾಫಿಜ್. 114 ಸೂರಾಗಳು, 30 ಪಾರಾ, ಇಡೀ ಕುರ್‌ಆನ್ ಅವನ ಎದೆಯಲ್ಲಿದೆ. ಅವನು ಮದರಸಾದಲ್ಲಿದ್ದಾಗ ದಿನಕ್ಕೆ ಮೂರು ಬಗೆಯ ಪಾಠ ಇರುತ್ತಿತ್ತಂತೆ: ಅಂದಿನ ಹೊಸ ಸಬಕ್, ಇತ್ತೀಚೆಗೆ ಕಲಿತದ್ದರ ಸಬಕ್ ಪಾರಾ, ಹಳೆಯದರ ಆಮೂಖ್ತಾ. ಕಲಿತದ್ದನ್ನು ತಿರುಗಿ ನೋಡದಿದ್ದರೆ ಅದು ಎಷ್ಟು ಬೇಗ ಕರಗುತ್ತದೆ ಎಂದು ಜರ್ಮನಿಯ ಎಬ್ಬಿಂಗ್‌ಹೌಸ್ 1885ರಲ್ಲಿ ಲೆಕ್ಕ ಹಾಕಿ ತೋರಿಸಿದರು. ನಮ್ಮ ಉಸ್ತಾದರು ಅದನ್ನು ಬೆತ್ತ ಹಿಡಿದು ತೋರಿಸುತ್ತಿದ್ದರು ಎನ್ನುತ್ತಾನೆ ಭಾಯಿ.

ಅವನು ಓದಿಸಿಕೊಳ್ಳುವಾಗ ಮುಸ್ಹಫ್ ಹಿಡಿದು ಕೂರುವ ಕೆಲಸ ನನ್ನದು. ಮಾಮು ಉಮ್ರಾದಿಂದ ತಂದ, ಪುಟಕ್ಕೆ 15 ಸಾಲಿನ ಮುಸ್ಹಫ್ ಅದು. ಪ್ರತಿ ಪುಟವೂ ಒಂದು ಆಯತ್ ಮುಗಿಯುವಲ್ಲಿಯೇ ಮುಗಿಯುತ್ತದೆ. "ಇದು ಎಡಗಡೆ ಪುಟ, ಕೆಳಗಿನಿಂದ ಮೂರನೇ ಸಾಲು" ಎಂದು ಕಣ್ಣು ಮುಚ್ಚಿಕೊಂಡೇ ಹೇಳುತ್ತಾನೆ. ಬೇರೆ ಮುದ್ರಣ ಕೊಟ್ಟರೆ ತಡವರಿಸುತ್ತಾನೆ. ಅವನ ಅರಮನೆ ಆ ಪುಟಗಳೇ. ಅವನಿಗೆ ಇರುವ ದೊಡ್ಡ ಭಯ ಮರೆವಿನದಲ್ಲ, ಹೋಲಿಕೆಯದು. ಎರಡು ಕಡೆ ಹೆಚ್ಚುಕಡಿಮೆ ಒಂದೇ ರೀತಿ ಬರುವ ಆಯತ್‌ಗಳಿದ್ದರೆ ಒಂದು ಸೂರಾದಿಂದ ಗೊತ್ತೇ ಆಗದೆ ಇನ್ನೊಂದಕ್ಕೆ ಜಾರಿಬಿಡುತ್ತಾರೆ. ಅದಕ್ಕೆ 'ಮುತಶಾಬಾ ಲಗ್ನಾ' ಎನ್ನುತ್ತಾರೆ. ತರಾವೀಹ್ ನಮಾಜಿನಲ್ಲಿ ಇಮಾಮರು ಹೀಗೆ ಜಾರಿದರೆ ಹಿಂದೆ ನಿಂತ ಇನ್ನೊಬ್ಬ ಹಾಫಿಜ್ ಸರಿಯಾದ ಪದ ಎತ್ತಿಕೊಡುತ್ತಾರೆ. ಅದರ ಹೆಸರು 'ಲುಕ್ಮಾ', ಅಂದರೆ ತುತ್ತು.

ಈ ಎರಡು ಪದಗಳ ಅರ್ಥ ನನಗೆ ಸರಿಯಾಗಿ ತಿಳಿದದ್ದು ದಸರಾ ರಜೆಯಲ್ಲಿ.

ಅಬ್ಬಾದು ಚಿಕ್ಕ ಕಿರಾಣಿ ಅಂಗಡಿ. ಸಂಬಂಧಿಕರೊಬ್ಬರು ತೀರಿಕೊಂಡರೆಂದು ಅಬ್ಬಾ ಮೂರು ದಿನ ಊರಿಗೆ ಹೋಗಬೇಕಾಯಿತು. ಅಂಗಡಿ ನನಗೆ ಬಿಟ್ಟರು. ಹೋಗುವಾಗ ಗಲ್ಲಾದ ಮೇಲಿನ ಕೆಂಪು ರಟ್ಟಿನ ಉದ್ದನೆಯ ಪುಸ್ತಕ ತೋರಿಸಿ, "ಉದ್ರಿ ಕೊಟ್ಟರೆ ಕೂಡಲೇ ಇದರಲ್ಲಿ ಬರೆ" ಎಂದರು.

ನಾನು ಬರೆಯಲಿಲ್ಲ. ಮಿಡ್ ಟರ್ಮ್ ಅಂಕಗಳು ಆಗತಾನೆ ಬಂದಿದ್ದವು. ಅಬ್ಬಾ ವಾಪಸ್ ಬಂದಾಗ ಮೂರು ದಿನದ ಉದ್ರಿಯನ್ನೆಲ್ಲ ಪುಸ್ತಕ ಮುಟ್ಟದೆ ಹೇಳಿ ಬೆರಗು ಮಾಡಬೇಕು ಎಂದು ಲೆಕ್ಕ ಹಾಕಿದ್ದೆ. ಅಂಗಡಿಯೇ ಅರಮನೆಯಾಯಿತು. ತಕ್ಕಡಿ, ಅಕ್ಕಿ ಮೂಟೆ, ಎಣ್ಣೆ ಡಬ್ಬ, ಬಿಸ್ಕತ್ತಿನ ಜಾಡಿ, ಸೋಪಿನ ಕಪಾಟು, ಕ್ಯಾಲೆಂಡರ್, ಹೀಗೆ ಹತ್ತು ಜಾಗ. ಮೊದಲ ದಿನ ಗ್ಯಾರೇಜಿನವರು ಸಕ್ಕರೆ, ಎಣ್ಣೆ ಒಯ್ದರು, 240 ರೂಪಾಯಿ ಉದ್ರಿ. ಅವರನ್ನು ಸ್ಪ್ಯಾನರ್ ಸಮೇತ ತಕ್ಕಡಿಯಲ್ಲಿ ಕೂರಿಸಿದೆ. ರಾತ್ರಿ ಮಲಗುವಾಗ ಎಲ್ಲರೂ ಅವರವರ ಜಾಗದಲ್ಲಿದ್ದರು.

ಎರಡನೇ ದಿನ ಹೊಸಬರು ಬಂದರು. ಜಾಗಗಳು ಅವೇ. ಮಾರ್ಕೆಟ್ ಮೂಲೆಯಲ್ಲಿ ಹೂವು ಮಾರುವ ಅಮ್ಮ ಬಂದು ಹಳೆಯ ಬಾಕಿ 180 ರೂಪಾಯಿ ಕೊಟ್ಟು ಹೋದರು. ಎಲ್ಲರೂ ಅವರನ್ನು ಹೂವಮ್ಮ ಎನ್ನುತ್ತಾರೆ. ತಕ್ಕಡಿಯಲ್ಲಿ ಮಲ್ಲಿಗೆ ದಂಡೆ ಸುತ್ತಿಟ್ಟೆ.

ಮೂರನೇ ದಿನ ರಾತ್ರಿ ಅಬ್ಬಾ ಬಂದರು. ನಾನು ಕಣ್ಣು ಮುಚ್ಚಿ ಹೇಳುತ್ತಾ ಹೋದೆ, ಅವರು ಬರೆಯುತ್ತಾ ಹೋದರು. ತಕ್ಕಡಿ ಬಂತು. ಅಲ್ಲಿ ಮಲ್ಲಿಗೆ ದಂಡೆ ಕಂಡಿತು, 240 ಎಂಬ ಅಂಕಿಯೂ ಕಂಡಿತು. "ಹೂವಮ್ಮ, 240 ಉದ್ರಿ" ಎಂದೆ. ಸ್ಪ್ಯಾನರ್ ಎಲ್ಲೋ ಬಿದ್ದುಹೋಗಿತ್ತು. 180 ಕೊಟ್ಟದ್ದೂ ಹೋಗಿತ್ತು. ಅಬ್ಬಾ ನನ್ನ ತಲೆ ಸವರಿ "ಮಾಶಾ ಅಲ್ಲಾಹ್" ಎಂದರು. ಆ ರಾತ್ರಿ ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಈಗ ನೆನೆದರೆ ನಾಚಿಕೆಯಾಗುತ್ತದೆ.

ನಾಲ್ಕು ದಿನ ಬಿಟ್ಟು ಹೂವಮ್ಮ ಟೀಪುಡಿಗೆ ಬಂದರು. ಅಬ್ಬಾ ಪುಸ್ತಕ ನೋಡಿ, "ಹಳೇದು ಸೇರಿ 420 ಆಗಿದೆಯಮ್ಮಾ" ಎಂದರು.

"ಇಲ್ಲ ಸಾಬ್ರೇ, ಹಳೇದು ಕೊಟ್ಟೆನಲ್ಲ. ಪಾಪು ಕೈಗೇ ಕೊಟ್ಟೆ. ಹೊಸದಾಗಿ ಏನೂ ಒಯ್ದಿಲ್ಲ."

ಅಬ್ಬಾ ನನ್ನ ಕಡೆ ನೋಡಿದರು. ಆಗಲಾದರೂ ನಾನು ಒಂದು ಕ್ಷಣ ತಡೆಯಬಹುದಿತ್ತು. "ಇಲ್ಲ ಅಬ್ಬಾ, ನನಗೆ ಸರಿಯಾಗಿ ನೆನಪಿದೆ. ಅವರು ಕೊಟ್ಟಿಲ್ಲ" ಎಂದೆ. ಕನ್ನಡದಲ್ಲೇ ಹೇಳಿದೆ, ಅವರಿಗೂ ಅರ್ಥವಾಗಲಿ ಎಂದು.

ಹೂವಮ್ಮ ಜಗಳ ಮಾಡಲಿಲ್ಲ. ಸೊಂಟದ ಚೀಲ ಬಿಚ್ಚಿ ಹತ್ತು, ಇಪ್ಪತ್ತರ ನೋಟುಗಳನ್ನು ಎಣಿಸಿ 420 ರೂಪಾಯಿ ಗಲ್ಲಾದ ಮೇಲಿಟ್ಟರು. ಟೀಪುಡಿ ತೆಗೆದುಕೊಳ್ಳದೆ ಹೋದರು. ಮತ್ತೆ ಬರಲಿಲ್ಲ.

ಎರಡು ವಾರದ ನಂತರ ಒಂದು ಭಾನುವಾರ ಗ್ಯಾರೇಜಿನವರು ಬಂದು 240 ರೂಪಾಯಿ ಚಾಚಿದರು. "ಅವತ್ತು ನೀನೊಬ್ಬಳೇ ಇದ್ದೆಯಲ್ಲಮ್ಮ, ಸಕ್ಕರೆ, ಎಣ್ಣೆ." ಪುಸ್ತಕದಲ್ಲಿ ಅವರ ಹೆಸರಿರಲಿಲ್ಲ. ನಾನು ತಕ್ಕಡಿಯ ಕಡೆ ನೋಡಿದೆ. ಸ್ಪ್ಯಾನರ್ ನೆನಪಾಯಿತು. ಅದರ ಹಿಂದೆಯೇ ನೂರರ ಒಂದು ನೋಟು, ಹತ್ತರ ನೋಟುಗಳ ಒಂದು ಸುರುಳಿ, ಮಲ್ಲಿಗೆ ವಾಸನೆಯ ಕೈ, ಎಲ್ಲವೂ ನೆನಪಾದವು. ಕೈಕಾಲು ತಣ್ಣಗಾದವು.

ಅಬ್ಬಾ ಬೈಯಲಿಲ್ಲ. ಗಲ್ಲಾದಿಂದ 420 ರೂಪಾಯಿ ಎಣಿಸಿ ನನ್ನ ಕೈಗಿಟ್ಟು, "ನಡಿ" ಎಂದರು. ಮಾರ್ಕೆಟ್ ಮೂಲೆಯವರೆಗೆ ಇಬ್ಬರೂ ಮಾತಾಡಲಿಲ್ಲ. ಹೂವಮ್ಮ ದಾರದಲ್ಲಿ ಸೇವಂತಿಗೆ ಕಟ್ಟುತ್ತಾ ಕೂತಿದ್ದರು. "ತಪ್ಪಾಯಿತಮ್ಮಾ, ನೀವು ಕೊಟ್ಟಿದ್ದಿರಿ, ನಾನು ಮರೆತಿದ್ದೆ" ಎಂದೆ. ಅವರು ಹಣ ತೆಗೆದುಕೊಂಡರು, ಎಣಿಸಲಿಲ್ಲ. "ಮರೆತಿದ್ದಕ್ಕೆ ಬೇಜಾರಿಲ್ಲ ಮಗಾ, ನಾನೂ ಮರೀತೀನಿ. ನೆನಪಿದೆ ಅಂದೆಯಲ್ಲ, ನಾಲ್ಕು ಜನ ನಿಂತಿದ್ದರು, ಅದಕ್ಕೆ ಬೇಜಾರು" ಎಂದರು.

ರಾತ್ರಿ ಭಾಯಿಗೆ ಎಲ್ಲ ಹೇಳಿದೆ. "ತುಜೆ ಮುತಶಾಬಾ ಲಗ್ಯಾ" ಎಂದ. ಒಂದೇ ಜಾಗದಲ್ಲಿ ಎರಡು ದಿನ ಎರಡು ಚಿತ್ರ ಇಟ್ಟರೆ ಹಳೆಯದು ಖಾಲಿಯಾಗುವುದಿಲ್ಲ, ಹೊಸದರ ಜೊತೆ ಬೆರೆಯುತ್ತದೆ. ಬೆರೆತ ನೆನಪಿಗೂ ನಿಜವಾದ ನೆನಪಿಗೂ ಒಳಗಿನಿಂದ ವ್ಯತ್ಯಾಸ ಗೊತ್ತಾಗುವುದಿಲ್ಲ. ಅದಕ್ಕೇ ಅಷ್ಟು ಧೈರ್ಯವಾಗಿ ಸುಳ್ಳು ಹೇಳಿದ್ದೆ, ಸುಳ್ಳು ಎಂದು ಗೊತ್ತಿಲ್ಲದೆ. "ನಾನೂ ದಿನಾ ಜಾರುತ್ತೇನೆ. ಆದರೆ ಲುಕ್ಮಾ ಬಂದರೆ ನಿಲ್ಲುತ್ತೇನೆ, ಹಿಂದೆ ಹೋಗಿ ಸರಿಯಾಗಿ ಓದುತ್ತೇನೆ. ಆ ಅಮ್ಮ ನಿನಗೆ ಲುಕ್ಮಾ ಕೊಟ್ಟರು, ನೀನು ತೆಗೆದುಕೊಳ್ಳಲಿಲ್ಲ."

ಆಮೇಲೆ ಅವನು ಸೂರ ಬಕರಾದ 282ನೇ ಆಯತ್ ಓದಿದ. ನಾನು ಮುಸ್ಹಫ್ ಹಿಡಿದಿದ್ದೆ. ಆ ಒಂದೇ ಆಯತ್ ಇಡೀ ಪುಟ ತುಂಬಿದೆ. ಕುರ್‌ಆನಿನ 6,000ಕ್ಕೂ ಹೆಚ್ಚು ಆಯತ್‌ಗಳಲ್ಲಿ ಎಲ್ಲಕ್ಕಿಂತ ಉದ್ದದ್ದು ಅದು. ಅದರ ವಿಷಯ ನಮಾಜೂ ಅಲ್ಲ, ರೋಜಾವೂ ಅಲ್ಲ. ಸಾಲದ ವ್ಯವಹಾರವನ್ನು ಬರೆದಿಡುವುದು. ಸಣ್ಣದಿರಲಿ ದೊಡ್ಡದಿರಲಿ ಬರೆಯಲು ಬೇಸರಪಡಬೇಡಿ, ಸಾಕ್ಷಿ ಇಟ್ಟುಕೊಳ್ಳಿ ಎಂಬುದು ಅದರ ಅರ್ಥ. ಎಷ್ಟೋ ಸಲ ಆ ಪುಟ ಹಿಡಿದು ಕೂತಿದ್ದೆ, ಅರ್ಥ ನೋಡಿರಲಿಲ್ಲ. ಶತಮಾನಗಳಿಂದ ಲಕ್ಷಾಂತರ ಹಾಫಿಜ್‌ಗಳು ಆ ಆಯತನ್ನು ನೆನಪಿನಲ್ಲಿಟ್ಟುಕೊಂಡು ಬಂದಿದ್ದಾರೆ. ಅದು ಹೇಳುವುದು ಮಾತ್ರ, ಬರೆದಿಡಿ ಎಂದು.

ನಮ್ಮ ಅಕೌಂಟೆನ್ಸಿ ಪುಸ್ತಕವೂ ಇದನ್ನೇ ಹೇಳುತ್ತದೆ. ಪ್ರತಿ ವ್ಯವಹಾರಕ್ಕೂ ವೋಚರ್ ಇರಬೇಕು, ಒಬ್ಬರ ಅಭಿಪ್ರಾಯದ ಮೇಲೆ ಲೆಕ್ಕ ನಿಲ್ಲಬಾರದು. ಪ್ರಥಮ ಪಿಯುಸಿಯಲ್ಲಿ 'ಆಬ್ಜೆಕ್ಟಿವಿಟಿ' ಎಂದು ಎರಡು ಅಂಕದ ಪ್ರಶ್ನೆಗೆ ಬಾಯಿಪಾಠ ಮಾಡಿದ್ದೆ. ನೆನಪೂ ಇತ್ತು, ಆದರೆ ಗಲ್ಲಾದ ಹಿಂದೆ ಕೂತಾಗ ಉಪಯೋಗಕ್ಕೆ ಬರಲಿಲ್ಲ.

ನೆನಪಿನ ಅರಮನೆ ಬೇಡ ಎಂದು ನಾನು ಹೇಳುತ್ತಿಲ್ಲ. ವಾರ್ಷಿಕ ಪರೀಕ್ಷೆ ಹತ್ತಿರ ಬರುತ್ತಿದೆ, ದಯವಿಟ್ಟು ಇದನ್ನು ಮಾಡಿ ನೋಡಿ. ನಿಮಗೆ ಚೆನ್ನಾಗಿ ಗೊತ್ತಿರುವ ಮನೆ ಆರಿಸಿಕೊಳ್ಳಿ. ಯಾವಾಗಲೂ ಒಂದೇ ದಾರಿಯಲ್ಲಿ ನಡೆಯಿರಿ. ಒಂದು ಜಾಗಕ್ಕೆ ಒಂದೇ ಚಿತ್ರ ಇಡಿ, ನಗು ಬರುವಂಥದ್ದು ಇಡಿ. ಅದೇ ದಿನ ರಾತ್ರಿ, ಮರುದಿನ, ವಾರದ ನಂತರ ಮತ್ತೆ ಸುತ್ತಿ ಬನ್ನಿ. ಇನ್ನೊಂದು ವಿಷಯಕ್ಕೆ ಇನ್ನೊಂದು ಮನೆ ಹುಡುಕಿ. ನಮ್ಮ ಮನೆ ತುಂಬಿದ ಮೇಲೆ ನಾನು ನಾನಿಯ ಮನೆ, ನಮ್ಮ ಕಾಲೇಜಿನ ಕಾರಿಡಾರು ಎರಡನ್ನೂ ಬಳಸುತ್ತಿದ್ದೇನೆ. ರೇಶಿಯೋ ಸೂತ್ರಗಳೆಲ್ಲ ಈಗ ಸ್ಟಾಫ್ ರೂಮಿನ ಮುಂದಿನ ಬೆಂಚಿನ ಮೇಲಿವೆ.

ಆದರೆ ನಾನು ಮರೆತರೆ ನನ್ನ ಅಂಕ ಮಾತ್ರ ಹೋಗುವಂಥದ್ದನ್ನಷ್ಟೇ ಅಲ್ಲಿಡುತ್ತೇನೆ. ಇನ್ನೊಬ್ಬರ ಹಣ, ಇನ್ನೊಬ್ಬರ ಹಕ್, ಇನ್ನೊಬ್ಬರ ಮರ್ಯಾದೆ ಇರುವುದನ್ನು ಗಿರಾಕಿಯ ಎದುರಿಗೇ ಕೆಂಪು ಪುಸ್ತಕದಲ್ಲಿ ಬರೆದು, ಅವರಿಗೆ ಓದಿ ಹೇಳುತ್ತೇನೆ. "ಅಲ್ಲ ಪಾಪು" ಎಂದು ಯಾರಾದರೂ ಹೇಳಿದರೆ ಪೆನ್ನು ನಿಲ್ಲಿಸುತ್ತೇನೆ.

ಹೂವಮ್ಮ ದೀಪಾವಳಿಯ ನಂತರ ಅಂಗಡಿಗೆ ಬರತೊಡಗಿದರು. ನನ್ನನ್ನು ನೋಡಿ ನಗುತ್ತಾರೆ, ಒಮ್ಮೊಮ್ಮೆ ಒಂದು ಮೊಳ ಮಲ್ಲಿಗೆಯನ್ನೂ ಕೊಡುತ್ತಾರೆ. ಆದರೆ ಈಗ ಉದ್ರಿ ಕೇಳುವುದಿಲ್ಲ. ಕೈಯಲ್ಲಿ ಹಣ ಇದ್ದಷ್ಟೇ ಸಾಮಾನು ಒಯ್ಯುತ್ತಾರೆ. ಹಣ ಕಡಿಮೆ ಇದ್ದ ದಿನ ಸಕ್ಕರೆ ಕಾಲು ಕೆ.ಜಿ. ಸಾಕು ಎನ್ನುತ್ತಾರೆ. "ಆಮೇಲೆ ಕೊಡಿ ಅಮ್ಮಾ" ಎಂದು ಅಬ್ಬಾ ಎಷ್ಟು ಹೇಳಿದರೂ ಕೇಳುವುದಿಲ್ಲ.

ಪುಸ್ತಕದಲ್ಲಿ ಅವರ ಪುಟ ಹಾಗೆಯೇ ಇದೆ. 420ರ ಮೇಲೆ ಅಬ್ಬಾ ಒಂದು ಗೆರೆ ಎಳೆದು, ಪಕ್ಕದಲ್ಲಿ ನನ್ನ ಕೈಯಿಂದಲೇ 'ವಾಪಸ್ ಕೊಟ್ಟಿದೆ' ಎಂದು ಬರೆಸಿದ್ದಾರೆ. ಅದರ ಕೆಳಗೆ ಇನ್ನೂ ಏನೂ ಬರೆದಿಲ್ಲ.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ